ಎಂಪಾಕ್ಸ್ ರೋಗ: ಅರಿತರೆ ಭಯವಿಲ್ಲ, ಅಡಗಿಸಿದರೆ ಅಪಾಯ

ಮೈಮೇಲೆ ಗುಳ್ಳೆಗಳೆದ್ದು ಜ್ವರ ಬರುವ ಕಾಯಿಲೆಗಳು ನಮ್ಮ ನಾಡಿನ ಜನರಿಗೆ ಹೊಸವಲ್ಲ. ಸೀತಾಳೆ ಸಿಡುಬನ್ನಾಗಲೀ ದಡಾರವನ್ನಾಗಲೀ ಕಾಣದ ಮನೆ ಅಪರೂಪ. ಇವೆರಡಕ್ಕಿಂತ ಘೋರವಾಗಿದ್ದ ಸಿಡುಬನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದರು. ಅಸಂಖ್ಯಾತ ಜನರನ್ನು ಬಲಿ ತೆಗೆದುಕೊಂಡು, ಬದುಕುಳಿದವರ ಮುಖದಲ್ಲಿ ಕುಳಿಗಳನ್ನೂ ಎಷ್ಟೋ ಜನರಿಗೆ ಕುರುಡುತನವನ್ನೂ ಉಳಿಸಿಹೋದ ಆ ರೋಗದ ಕೊನೆಯ ಪ್ರಕರಣ ಭಾರತದಲ್ಲಿ ಕಂಡುಬಂದದ್ದು 1975ರಲ್ಲಿ. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಡೀ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು. ಇಂದಿಗೂ ಹಿರಿಯರ ತೋಳಿನ ಮೇಲೆ ಕಾಣುವ ದಾಕಿನ ಗುರುತು ಆ ವಿಜಯದ ಮುದ್ರೆಯೇ ಆಗಿದೆ.

ಅದೇ ಸಿಡುಬಿನ ವಂಶಕ್ಕೆ ಸೇರಿದ, ಆದರೆ ಅದಕ್ಕಿಂತ ಸೌಮ್ಯವಾದ ಇನ್ನೊಂದು ರೋಗವೇ ಎಂಪಾಕ್ಸ್. ಮೊದಲು ಇದನ್ನು ಮಂಕಿಪಾಕ್ಸ್ ಎಂದು ಕರೆಯುತ್ತಿದ್ದರು. ಈ ಹೆಸರಿನಿಂದ ರೋಗಿಗಳಿಗೆ ಅವಮಾನವೂ ಜನರಲ್ಲಿ ತಪ್ಪು ತಿಳಿವಳಿಕೆಯೂ ಉಂಟಾಗುತ್ತಿದ್ದುದರಿಂದ 2022ರ ನವೆಂಬರ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೆಸರನ್ನು ಬದಲಿಸಿತು. ಈ ರೋಗವು ಏನು, ಹೇಗೆ ಹರಡುತ್ತದೆ, ಹೇಗೆ ಗುರುತಿಸಬೇಕು, ಹೇಗೆ ತಡೆಯಬೇಕು ಎಂಬುದನ್ನು ಪ್ರತಿಯೊಂದು ಕುಟುಂಬವೂ ಅರಿತಿರುವುದು ಅವಶ್ಯಕ.

ರೋಗದ ಹಿನ್ನೆಲೆ

1958ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದ ಪ್ರಯೋಗಾಲಯವೊಂದರಲ್ಲಿ ಸಾಕಿದ್ದ ಮಂಗಗಳ ಮೈಮೇಲೆ ಸಿಡುಬಿನಂಥ ಗುಳ್ಳೆಗಳು ಕಾಣಿಸಿಕೊಂಡವು. ಈ ರೋಗಾಣುವನ್ನು ಮೊದಲು ಗುರುತಿಸಿದ್ದು ಆಗಲೇ. ಈ ಕಾರಣದಿಂದ ಮಂಗದ ಹೆಸರು ಅದಕ್ಕೆ ಅಂಟಿಕೊಂಡಿತೇ ಹೊರತು ಮಂಗವೇ ಅದರ ಮೂಲವಲ್ಲ. ಆಫ್ರಿಕದ ಕಾಡುಗಳಲ್ಲಿರುವ ಅಳಿಲು, ಇಲಿ ಮೊದಲಾದ ದಂಶಕ ಪ್ರಾಣಿಗಳಲ್ಲಿ ಈ ರೋಗಾಣು ನೆಲೆಸಿರಬಹುದೆಂದು ವಿಜ್ಞಾನಿಗಳು ಭಾವಿಸಿದ್ದಾರೆ. ಮನುಷ್ಯನಲ್ಲಿ ಈ ರೋಗವು ಮೊದಲು ಪತ್ತೆಯಾದದ್ದು 1970ರಲ್ಲಿ, ಕಾಂಗೋ ದೇಶದ ಒಂಬತ್ತು ತಿಂಗಳ ಶಿಶುವೊಂದರಲ್ಲಿ. ಆ ಪ್ರದೇಶದಲ್ಲಿ ಸಿಡುಬು ಆಗಲೇ ಮರೆಯಾಗಿದ್ದುದರಿಂದ, ಸಿಡುಬಿನಂತೆ ಕಾಣುವ ಈ ರೋಗ ವೈದ್ಯರ ಗಮನಕ್ಕೆ ಬಂದಿತು.

ಅನೇಕ ವರ್ಷಗಳ ಕಾಲ ಇದು ಮಧ್ಯ ಹಾಗೂ ಪಶ್ಚಿಮ ಆಫ್ರಿಕದ ಹಳ್ಳಿಗಳಿಗೆ ಸೀಮಿತವಾಗಿತ್ತು. 2022ರ ಮೇ ತಿಂಗಳಿಂದೀಚೆಗೆ ಮಾತ್ರ ಅದು ನೂರಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆಯು 2022ರ ಜುಲೈನಲ್ಲಿ ಒಮ್ಮೆ, 2024ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಇದನ್ನು ಜಾಗತಿಕ ಆರೋಗ್ಯ ತುರ್ತುಸ್ಥಿತಿಯೆಂದು ಘೋಷಿಸಿತು. ಮೊದಲನೆಯದನ್ನು 2023ರ ಮೇ ತಿಂಗಳಲ್ಲಿಯೂ ಎರಡನೆಯದನ್ನು 2025ರ ಸೆಪ್ಟೆಂಬರ್ ತಿಂಗಳಲ್ಲಿಯೂ ಹಿಂತೆಗೆದುಕೊಳ್ಳಲಾಯಿತು. ತುರ್ತುಸ್ಥಿತಿ ಮುಗಿಯಿತೆಂದ ಮಾತ್ರಕ್ಕೆ ರೋಗವೇ ಮುಗಿಯಿತೆಂದು ತಿಳಿಯಬಾರದು.

ಭಾರತದ ಮೊದಲ ಪ್ರಕರಣ 2022ರ ಜುಲೈನಲ್ಲಿ ಕೇರಳದಲ್ಲಿ, ಕೊಲ್ಲಿ ದೇಶದಿಂದ ಮರಳಿದ ಪ್ರಯಾಣಿಕರೊಬ್ಬರಲ್ಲಿ ಕಂಡುಬಂದಿತು. ಅದೇ ತಿಂಗಳ ಕೊನೆಯಲ್ಲಿ, ಹಾಗೆಯೇ ಮರಳಿದ್ದ ಯುವಕನೊಬ್ಬ ಅಲ್ಲಿ ಮೃತಪಟ್ಟ. 2025ರ ಜನವರಿಯಲ್ಲಿ ದುಬೈನಿಂದ ಮಂಗಳೂರಿಗೆ ಬಂದಿಳಿದ ಒಬ್ಬರಲ್ಲಿ ಈ ರೋಗವಿರುವುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು ದೃಢಪಡಿಸಿತು. ಕರಾವಳಿಯ ಎಷ್ಟೋ ಮನೆಗಳಿಂದ ಒಬ್ಬರಾದರೂ ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವಾಗ, ಇದು ಎಲ್ಲೋ ದೂರದ ಕಾಯಿಲೆಯೆಂದು ಸುಮ್ಮನಿರುವಂತಿಲ್ಲ.

ಮಂಗನ ಕಾಯಿಲೆಯೇ ಬೇರೆ

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಮೊದಲಾದ ಮಲೆನಾಡಿನ ಭಾಗಗಳಲ್ಲಿ ಜನರು ಮಂಗನ ಕಾಯಿಲೆಯೆಂದು ಕರೆಯುವುದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಪತ್ತೆಯಾದ ಬೇರೊಂದು ರೋಗವನ್ನು. ಅದು ಕಾಡಿನ ಉಣುಗುಗಳು ಕಚ್ಚುವುದರಿಂದ ಬರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಅದರಲ್ಲಿ ತೀವ್ರ ಜ್ವರ, ತಲೆನೋವು, ಮೈಕೈನೋವು, ಕೆಲವರಲ್ಲಿ ರಕ್ತಸ್ರಾವ ಉಂಟಾಗುತ್ತವೆ, ಕೀವುಗುಳ್ಳೆಗಳು ಏಳುವುದಿಲ್ಲ. ಎಂಪಾಕ್ಸ್ ರೋಗಕ್ಕೆ ಉಣುಗಿನ ಸಂಬಂಧವಿಲ್ಲ. ಅದು ಮುಖ್ಯವಾಗಿ ರೋಗಿಯ ನಿಕಟ ಸಂಪರ್ಕದಿಂದ ಅಂಟುತ್ತದೆ. ಎರಡನ್ನೂ ಒಂದೇ ಎಂದು ಭಾವಿಸಿದರೆ ತಡೆಯುವ ಕ್ರಮವೇ ತಪ್ಪಾಗುತ್ತದೆ. ಎಂಪಾಕ್ಸ್ ಭಯದಿಂದ ಊರಿನ ಮಂಗಗಳನ್ನು ಹಿಂಸಿಸುವುದೂ ಕೊಲ್ಲುವುದೂ ಅರ್ಥವಿಲ್ಲದ ಕೆಲಸ.

ಹರಡುವ ಬಗೆ

ಎಂಪಾಕ್ಸ್ ರೋಗಾಣುವು ರೋಗಿಯ ಗುಳ್ಳೆಗಳಲ್ಲಿ, ಅವುಗಳ ನೀರು ಮತ್ತು ಕೀವಿನಲ್ಲಿ, ಒಣಗಿದ ಹಕ್ಕಳೆಗಳಲ್ಲಿ, ಬಾಯಿ ಮತ್ತು ಗಂಟಲಿನ ದ್ರವಗಳಲ್ಲಿ ಇರುತ್ತದೆ. ಆದ್ದರಿಂದ ಅದು ಹರಡುವ ಮಾರ್ಗಗಳು ಹೀಗಿವೆ:

1. ರೋಗಿಯ ಚರ್ಮಕ್ಕೆ ಚರ್ಮ ತಾಗುವುದು: ಅಪ್ಪಿಕೊಳ್ಳುವುದು, ಒಂದೇ ಹಾಸಿಗೆಯಲ್ಲಿ ಮಲಗುವುದು, ಮುತ್ತಿಡುವುದು, ರೋಗಿಯ ಶುಶ್ರೂಷೆ ಮಾಡುವುದು.

2. ಲೈಂಗಿಕ ಸಂಪರ್ಕ: 2022ರಿಂದೀಚೆಗೆ ಅನೇಕ ದೇಶಗಳಲ್ಲಿ ರೋಗವು ಹೆಚ್ಚಾಗಿ ಹರಡಿದ್ದು ಈ ಮಾರ್ಗದಿಂದ.

3. ರೋಗಿಯು ಬಳಸಿದ ಬಟ್ಟೆ, ಟವೆಲ್, ಹೊದಿಕೆ, ಕ್ಷೌರದ ಸಾಮಗ್ರಿಗಳು.

4. ಮುಖಕ್ಕೆ ಮುಖ ಕೊಟ್ಟು ದೀರ್ಘಕಾಲ ಹತ್ತಿರವಿದ್ದಾಗ ಉಸಿರಿನ ತುಂತುರು. ಆದರೆ ಇದು ಕೋವಿಡ್‌ನಂತೆ ಗಾಳಿಯಲ್ಲಿ ಸುಲಭವಾಗಿ ಹಬ್ಬುವ ರೋಗವಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕ್ಷಣಹೊತ್ತು ಕುಳಿತುದರಿಂದ, ಸಂತೆಯಲ್ಲಿ ಎದುರಾದುದರಿಂದ ಅಂಟುವ ಸಂಭವ ಬಹಳ ಕಡಿಮೆ.

5. ಗರ್ಭಿಣಿಯಿಂದ ಹೊಟ್ಟೆಯಲ್ಲಿರುವ ಶಿಶುವಿಗೆ, ಅಥವಾ ಹೆರಿಗೆಯ ಸಮಯದಲ್ಲಿ ಮತ್ತು ಅನಂತರ ಮಗುವಿಗೆ.

ರೋಗವು ಒಂದು ವರ್ಗದ ಜನರಿಗೆ ಮಾತ್ರ ಬರುತ್ತದೆಂಬ ಮಾತು ತಪ್ಪು. 2022ರ ಹಬ್ಬುವಿಕೆಯಲ್ಲಿ ಪುರುಷರೊಡನೆ ಲೈಂಗಿಕ ಸಂಪರ್ಕವುಳ್ಳ ಪುರುಷರಲ್ಲಿ ಅದು ಹೆಚ್ಚಾಗಿ ಕಂಡದ್ದು ನಿಜ. ಆದರೆ ಕಾಂಗೋ ದೇಶದಲ್ಲಿ ಬಹಳ ಮಂದಿ ಮಕ್ಕಳು ಇದಕ್ಕೆ ತುತ್ತಾಗಿದ್ದಾರೆ. ರೋಗಾಣು ನೋಡುವುದು ನಿಕಟ ಸಂಪರ್ಕವನ್ನು. ರೋಗಿಯ ನಡತೆಯನ್ನಾಗಲೀ ಜಾತಿಯನ್ನಾಗಲೀ ಅಲ್ಲ.

ಸಿಡುಬಿನ ದಾಕು ಎಂಪಾಕ್ಸ್ ವಿರುದ್ಧವೂ ತಕ್ಕಮಟ್ಟಿನ ರಕ್ಷಣೆ ನೀಡುತ್ತಿತ್ತು. ಸಿಡುಬು ನಿರ್ಮೂಲವಾದ ಮೇಲೆ ಆ ದಾಕನ್ನು ಹಾಕುವ ಅವಶ್ಯಕತೆ ಉಳಿಯಲಿಲ್ಲ. ಹೀಗಾಗಿ ಅನಂತರ ಹುಟ್ಟಿದವರಿಗೆ, ಈ ಲೇಖನ ಬರೆಯುತ್ತಿರುವ ನನ್ನ ತಲೆಮಾರಿನವರಿಗೂ, ಆ ರಕ್ಷಣೆ ಇಲ್ಲ.

ರೋಗದ ಲಕ್ಷಣಗಳು

ರೋಗಾಣು ದೇಹವನ್ನು ಹೊಕ್ಕ ಮೇಲೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ, ಕೆಲವೊಮ್ಮೆ 21 ದಿನಗಳ ವೇಳೆಗೆ ಲಕ್ಷಣಗಳು ತೋರುತ್ತವೆ. ಮೊದಲು ಜ್ವರ, ಚಳಿ, ತಲೆನೋವು, ಬೆನ್ನು ಮತ್ತು ಮಾಂಸಖಂಡಗಳ ನೋವು, ಬಹಳ ಆಯಾಸ ಉಂಟಾಗಬಹುದು. ಕುತ್ತಿಗೆ, ಕಂಕುಳು ಅಥವಾ ತೊಡೆಸಂದಿನಲ್ಲಿ ಗಡ್ಡೆಗಳು ಊದಿಕೊಂಡು ಮುಟ್ಟಿದರೆ ನೋಯುವುದು ಈ ರೋಗದ ಮುಖ್ಯ ಚಿಹ್ನೆ.

ಒಂದರಿಂದ ಮೂರು ದಿನಗಳಲ್ಲಿ ಮೈಮೇಲೆ ಕಲೆಗಳು ಕಾಣಿಸಿಕೊಳ್ಳುತ್ತವೆ. ಮೊದಲು ಚಪ್ಪಟೆಯಾದ ಕೆಂಪು ಮಚ್ಚೆ, ಅನಂತರ ಅದು ಉಬ್ಬುತ್ತದೆ, ನೀರು ತುಂಬುತ್ತದೆ, ಕೀವಾಗುತ್ತದೆ, ನಡುವೆ ತಗ್ಗು ಬೀಳುತ್ತದೆ, ಕೊನೆಗೆ ಒಣಗಿ ಹಕ್ಕಳೆಗಟ್ಟಿ ಉದುರುತ್ತದೆ. ಮುಖ, ಕೈಕಾಲು, ಅಂಗೈ, ಅಂಗಾಲು, ಬಾಯಿಯ ಒಳಭಾಗ, ಜನನಾಂಗ, ಗುದದ್ವಾರ ಇವುಗಳಲ್ಲಿ ಎಲ್ಲಿಯಾದರೂ ಗುಳ್ಳೆಗಳು ಏಳಬಹುದು. ಕೆಲವರಲ್ಲಿ ನೂರಾರು, ಕೆಲವರಲ್ಲಿ ಒಂದೆರಡೇ. ಕೆಲವರಿಗೆ ಜ್ವರವೇ ಬಾರದೆ ಗುಪ್ತಭಾಗದಲ್ಲಿ ಮಾತ್ರ ನೋವುಳ್ಳ ಹುಣ್ಣು ಕಾಣಿಸಿಕೊಳ್ಳುವುದೂ ಉಂಟು. ನಾಚಿಕೆಯಿಂದ ಅದನ್ನು ಮರೆಮಾಚುವುದೇ ರೋಗ ಹರಡಲು ದಾರಿಯಾಗುತ್ತದೆ.

ರೋಗವು ಎರಡರಿಂದ ನಾಲ್ಕು ವಾರಗಳವರೆಗೆ ಇರುತ್ತದೆ. ಬಹುಪಾಲು ಜನರು ಪೂರ್ಣವಾಗಿ ಗುಣಹೊಂದುತ್ತಾರೆ. ಆದರೆ ಚಿಕ್ಕ ಮಕ್ಕಳು, ಗರ್ಭಿಣಿಯರು, ಚಿಕಿತ್ಸೆ ಪಡೆಯದ ಎಚ್.ಐ.ವಿ. ಸೋಂಕಿತರು ಮತ್ತು ಇತರ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಂದಿದವರಿಗೆ ಇದು ಗಂಭೀರವಾಗಬಹುದು. ನ್ಯುಮೋನಿಯ, ಮೆದುಳಿನ ಉರಿಯೂತ, ಕಣ್ಣಿನ ಸೋಂಕಿನಿಂದ ದೃಷ್ಟಿನಾಶ, ಗರ್ಭಪಾತ ಇವು ಉಂಟಾಗಬಲ್ಲ ತೊಂದರೆಗಳು.

ಇತರ ರೋಗಗಳಿಂದ ಬೇರ್ಪಡಿಸುವುದು

ಮೈಮೇಲೆ ಎದ್ದ ಗುಳ್ಳೆಗಳೆಲ್ಲ ಎಂಪಾಕ್ಸ್ ಅಲ್ಲ. ನಮ್ಮ ಕೇಂದ್ರಗಳಿಗೆ ಬರುವ ಇಂಥ ರೋಗಿಗಳಲ್ಲಿ ಹೆಚ್ಚಿನವರಿಗೆ ಇರುವುದು ಬೇರೆ ಸಾಮಾನ್ಯ ಕಾಯಿಲೆಗಳೇ.

ಸೀತಾಳೆ ಸಿಡುಬಿನಲ್ಲಿ ಗುಳ್ಳೆಗಳು ಎದೆ, ಹೊಟ್ಟೆ, ಬೆನ್ನುಗಳಲ್ಲಿ ಹೆಚ್ಚು. ಅಂಗೈ ಅಂಗಾಲುಗಳಲ್ಲಿ ವಿರಳ. ಅವು ತೆಳುವಾಗಿದ್ದು ಬಹಳ ತುರಿಸುತ್ತವೆ. ದಿನಕ್ಕೊಂದು ತಂಡದಂತೆ ಏಳುವುದರಿಂದ ಒಂದೇ ಜಾಗದಲ್ಲಿ ಮಚ್ಚೆ, ನೀರುಗುಳ್ಳೆ, ಹಕ್ಕಳೆ ಮೂರನ್ನೂ ಒಟ್ಟಿಗೆ ಕಾಣಬಹುದು. ಎಂಪಾಕ್ಸ್ ಗುಳ್ಳೆಗಳು ಆಳವಾಗಿ ಬೇರೂರಿ ಗಟ್ಟಿಯಾಗಿರುತ್ತವೆ. ದೇಹದ ಒಂದು ಭಾಗದಲ್ಲಿರುವುವು ಸಾಮಾನ್ಯವಾಗಿ ಒಂದೇ ಹಂತದಲ್ಲಿರುತ್ತವೆ. ಗಡ್ಡೆಗಳ ಊತವೂ ಇರುತ್ತದೆ.

ದಡಾರದಲ್ಲಿ ನೆಗಡಿ, ಕೆಮ್ಮು, ಕೆಂಪು ಕಣ್ಣುಗಳೊಡನೆ ಜ್ವರ ಬಂದು, ಕಿವಿಯ ಹಿಂಭಾಗದಿಂದ ಮತ್ತು ಮುಖದಿಂದ ತೊಡಗಿ ಮೈಗೆಲ್ಲ ಕೆಂಪು ದದ್ದು ಹರಡುತ್ತದೆ, ನೀರು ತುಂಬುವುದಿಲ್ಲ. ಕಜ್ಜಿಯಲ್ಲಿ ಬೆರಳ ಸಂದುಗಳಲ್ಲಿ ರಾತ್ರಿ ಹೊತ್ತು ವಿಪರೀತ ತುರಿಕೆಯಿರುತ್ತದೆ, ಜ್ವರವಿರುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಬರುವ ಕೈ-ಕಾಲು-ಬಾಯಿ ರೋಗದಲ್ಲಿ ಅಂಗೈ ಅಂಗಾಲುಗಳಲ್ಲಿಯೂ ಗುಳ್ಳೆಗಳಾಗುವುದರಿಂದ ತಾಯಂದಿರು ಗಾಬರಿಪಡುವುದುಂಟು. ಅದು ಸಾಮಾನ್ಯವಾಗಿ ಒಂದು ವಾರ ಹತ್ತು ದಿನಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ.

ಈ ವ್ಯತ್ಯಾಸಗಳು ಓದುಗರ ತಿಳಿವಳಿಕೆಗಾಗಿ ಮಾತ್ರ. ನುರಿತ ವೈದ್ಯರೂ ಕಣ್ಣಳತೆಯಿಂದ ತಪ್ಪಬಹುದು. ಗುಳ್ಳೆಯ ನೀರು ಅಥವಾ ಹಕ್ಕಳೆಯನ್ನು ಪಿ.ಸಿ.ಆರ್. ಪರೀಕ್ಷೆಗೆ ಕಳುಹಿಸಿಯೇ ರೋಗವನ್ನು ನಿಶ್ಚಯಿಸಬೇಕು.

ಅಡಗಿಸಿದುದರ ಫಲ

ನನ್ನ ಅನುಭವದ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ತಂಗಿಯ ಮದುವೆಗಾಗಿ ಹೊರದೇಶದಿಂದ ಬಂದ ಯುವಕನೊಬ್ಬನಿಗೆ ಮೂರನೆಯ ದಿನ ಜ್ವರ ಬಂದು ಗುಳ್ಳೆಗಳೆದ್ದವು. ಮನೆಯವರು ಅವನನ್ನು ಅಟ್ಟದ ಮೇಲಿನ ಕೋಣೆಯಲ್ಲಿರಿಸಿ, ದಣಿವಾಗಿದೆಯೆಂದು ನೆಂಟರಿಗೆ ಹೇಳಿದರು. ನಾಲ್ಕು ದಿನ ಊಟ ಕೊಂಡೊಯ್ದು, ಬಟ್ಟೆ ಒಗೆದು ಉಪಚರಿಸಿದವಳು ಐದು ತಿಂಗಳ ಗರ್ಭಿಣಿಯಾಗಿದ್ದ ಅವನ ಅತ್ತಿಗೆ. ಕೊನೆಗೆ ಆಶಾ ಕಾರ್ಯಕರ್ತೆಯ ಮಾತಿನಿಂದ ವಿಷಯ ತಿಳಿದು ನಾನು ಹೋದಾಗ ಅವನ ತಾಯಿ, “ಡಾಕ್ಟ್ರೇ, ಊರಿಗೆ ಗೊತ್ತಾದರೆ ಮದುವೆ ನಿಂತುಹೋಗುತ್ತದೆ, ಹೇಗಾದರೂ ಮುಚ್ಚಿಡಿ” ಎಂದು ಕೈಮುಗಿದರು.

ಪರೀಕ್ಷೆಯ ವರದಿ ಬಂದಾಗ ಅದು ಎಂಪಾಕ್ಸ್ ಆಗಿರಲಿಲ್ಲ, ಸೀತಾಳೆ ಸಿಡುಬಾಗಿತ್ತು. ಮನೆಯವರು ನಿಟ್ಟುಸಿರುಬಿಟ್ಟರು. ಆದರೆ ಗರ್ಭಿಣಿಗೆ ಸೀತಾಳೆ ಸಿಡುಬೂ ಸಣ್ಣ ವಿಷಯವಲ್ಲ. ಆಕೆಗೆ ಮೊದಲು ಆ ರೋಗ ಬಂದಿರಲಿಲ್ಲ. ಮುಂದಿನ ಮೂರು ವಾರಗಳನ್ನು ಆ ಮನೆಯೂ ನಾನೂ ದಿನವೆಣಿಸಿ ಕಳೆದೆವು. ಅದೃಷ್ಟವಶಾತ್ ಆಕೆಗೆ ಏನೂ ಆಗಲಿಲ್ಲ; ಮದುವೆಯೂ ನಿಲ್ಲಲಿಲ್ಲ. ಮೊದಲ ದಿನವೇ ತಿಳಿಸಿದ್ದರೆ ಆಕೆಯನ್ನು ಆ ಕೋಣೆಯಿಂದ ದೂರವಿಡಬಹುದಾಗಿತ್ತು. ರೋಗ ಯಾವುದೇ ಆಗಿರಲಿ, ಅಡಗಿಸಿದುದರ ಬೆಲೆಯನ್ನು ತೆರುವವರು ಮನೆಯ ಅತ್ಯಂತ ದುರ್ಬಲರು ಎಂಬುದನ್ನು ಓದುಗರು ಮನಗಾಣಬೇಕು.

ರೋಗಿಯ ಗುಟ್ಟನ್ನು ಕಾಪಾಡುವುದು ವೈದ್ಯನ ಧರ್ಮ. ಸಂಪರ್ಕಕ್ಕೆ ಬಂದವರನ್ನು ಎಚ್ಚರಿಸುವಾಗಲೂ ರೋಗಿಯ ಹೆಸರನ್ನು ಊರಿಗೆ ಸಾರಬೇಕಾಗಿಲ್ಲ. ಆದ್ದರಿಂದ ಅಂಜಿಕೆಯಿಲ್ಲದೆ ಮುಂದೆ ಬನ್ನಿ.

ಸಂಶಯ ಬಂದಾಗ ಮಾಡಬೇಕಾದದ್ದು

ಕಳೆದ 21 ದಿನಗಳಲ್ಲಿ ರೋಗವಿರುವ ಪ್ರದೇಶದಿಂದ ಬಂದಿದ್ದರೆ, ರೋಗಿಯ ಅಥವಾ ಸಂಶಯಿತನ ಸಂಪರ್ಕವಾಗಿದ್ದರೆ, ಇಲ್ಲವೇ ಹೊಸಬರೊಡನೆ ಲೈಂಗಿಕ ಸಂಪರ್ಕವಾಗಿದ್ದು ಗುಳ್ಳೆಗಳೆದ್ದಿದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಸಾಧ್ಯವಾದರೆ ಮೊದಲೇ ದೂರವಾಣಿಯಲ್ಲಿ ತಿಳಿಸಿ, ಮುಖಗವಸು ಧರಿಸಿ, ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಿಕೊಂಡು ಹೋಗುವುದು ಒಳ್ಳೆಯದು. ಪ್ರವಾಸದ ವಿಷಯವನ್ನೂ ಸಂಪರ್ಕದ ವಿಷಯವನ್ನೂ ಮರೆಮಾಚದೆ ವೈದ್ಯರಿಗೆ ಹೇಳಬೇಕು.

ಚಿಕಿತ್ಸೆ ಮತ್ತು ಶುಶ್ರೂಷೆ

ಹೆಚ್ಚಿನ ರೋಗಿಗಳಿಗೆ ಬೇಕಾದುದು ನೋವು ಜ್ವರಗಳ ಶಮನ, ಗುಳ್ಳೆಗಳ ಆರೈಕೆ, ಒಳ್ಳೆಯ ಆಹಾರ ಮತ್ತು ವಿಶ್ರಾಂತಿ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಸಾಕು. ಆ್ಯಂಟಿಬಯಾಟಿಕ್ ಔಷಧಗಳು ಈ ರೋಗಾಣುವನ್ನು ಕೊಲ್ಲಲಾರವು. ಗುಳ್ಳೆಗಳಿಗೆ ಬೇರೆ ಸೋಂಕು ತಗುಲಿದಾಗ ಮಾತ್ರ ವೈದ್ಯರು ಅವನ್ನು ಕೊಡುತ್ತಾರೆ. ಅಂಗಡಿಯಿಂದ ತಂದ ಮುಲಾಮುಗಳನ್ನು ಹಚ್ಚಬಾರದು.

ಗುಳ್ಳೆಗಳನ್ನು ಒಡೆಯಬಾರದು, ಕೆರೆಯಬಾರದು. ಉಗುರುಗಳನ್ನು ಕತ್ತರಿಸಬೇಕು. ಕಣ್ಣನ್ನು ಮುಟ್ಟಿಕೊಳ್ಳಬಾರದು. ಬಾಯಿಯಲ್ಲಿ ಹುಣ್ಣಾಗಿದ್ದರೆ ಉಪ್ಪುನೀರಿನಿಂದ ಮುಕ್ಕಳಿಸಬೇಕು. ಗಂಜಿ, ಮಜ್ಜಿಗೆ, ಎಳನೀರು, ಬೇಳೆಯ ತಿಳಿ ಧಾರಾಳವಾಗಿ ಕೊಡಬೇಕು.

“ಅಮ್ಮ ಬಂದಿದ್ದಾಳೆ” ಎಂದು ಒಗ್ಗರಣೆಯ ಊಟವನ್ನೂ ಔಷಧವನ್ನೂ ನಿಲ್ಲಿಸುವ ಪದ್ಧತಿ ಕೆಲವೆಡೆ ಇನ್ನೂ ಇದೆ. ದೇವರಲ್ಲಿ ನಂಬಿಕೆಯಿರಲಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ ಹಾನಿಯಿಲ್ಲ. ಆದರೆ ಸೊಪ್ಪಿನಿಂದ ಗುಳ್ಳೆಗಳನ್ನು ಉಜ್ಜುವುದು, ರೋಗಿಯನ್ನು ಅರೆಹೊಟ್ಟೆಯಲ್ಲಿರಿಸುವುದು, ಆಸ್ಪತ್ರೆಗೆ ಹೋಗದಿರುವುದು ಅಪಾಯಕರ. ತಲೆಗೆ ನೀರು ಹಾಕಿದ ಮೇಲೆ ರೋಗಿಯನ್ನು ಎಲ್ಲರೊಡನೆ ಬೆರೆಯಲು ಬಿಡುವುದು ವಾಡಿಕೆ. ಎಂಪಾಕ್ಸ್‌ನಲ್ಲಿ ಈ ದಿನವನ್ನು ನಿರ್ಣಯಿಸುವುದು ಪಂಚಾಂಗವಲ್ಲ, ರೋಗಿಯ ಚರ್ಮ. ಎಲ್ಲ ಹಕ್ಕಳೆಗಳೂ ಉದುರಿ, ಅಡಿಯಲ್ಲಿ ಹೊಸ ಚರ್ಮ ಮೂಡುವವರೆಗೆ ರೋಗಿಯು ಇತರರಿಗೆ ಸೋಂಕು ತಗುಲಿಸಬಲ್ಲ.

ಕಣ್ಣುನೋವು ಅಥವಾ ದೃಷ್ಟಿ ಮಂಜಾಗುವುದು, ಉಸಿರಾಟದ ತೊಂದರೆ, ಎದೆನೋವು, ಸೆಳವು, ಎಚ್ಚರ ತಪ್ಪುವುದು, ನೀರನ್ನೂ ನುಂಗಲಾಗದಿರುವುದು, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ 108 ವಾಹನವನ್ನು ಕರೆಸಿ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

ತಡೆಗಟ್ಟುವ ಕ್ರಮಗಳು

ರೋಗಿಗೆ ಗಾಳಿ ಬೆಳಕುಗಳುಳ್ಳ ಪ್ರತ್ಯೇಕ ಕೋಣೆ ಇರಬೇಕು. ಒಂದೇ ಕೋಣೆಯ ಮನೆಯಾಗಿದ್ದರೆ, ಅಥವಾ ಮನೆಯಲ್ಲಿ ಗರ್ಭಿಣಿ, ಹಸುಗೂಸುಗಳಿದ್ದರೆ ಆಸ್ಪತ್ರೆಯಲ್ಲಿ ಪ್ರತ್ಯೇಕ ವ್ಯವಸ್ಥೆಗಾಗಿ ವೈದ್ಯರನ್ನು ಕೇಳಬೇಕು. ಆರೋಗ್ಯವಂತ ವಯಸ್ಕರೊಬ್ಬರೇ ಶುಶ್ರೂಷೆಗೆ ನಿಲ್ಲಲಿ. ಗರ್ಭಿಣಿಗೆ ಈ ಕೆಲಸ ಸರ್ವಥಾ ಕೂಡದು. ಶುಶ್ರೂಷೆ ಮಾಡುವವರು ಮುಖಗವಸು ಮತ್ತು ಕೈಗವಸು ಧರಿಸಿ, ಪ್ರತಿ ಬಾರಿಯೂ ಸೋಪಿನಿಂದ ಕೈ ತೊಳೆದುಕೊಳ್ಳಬೇಕು.

ರೋಗಿಯ ಬಟ್ಟೆ ಹೊದಿಕೆಗಳನ್ನು ಕೊಡವಬಾರದು. ಮಡಿಸಿ ನೇರವಾಗಿ ಬಿಸಿನೀರು ಸೋಪಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಬೇಕು. ಕೋಣೆಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಏಕೆಂದರೆ ಹಕ್ಕಳೆಯ ಪುಡಿ ಗಾಳಿಗೆ ಏಳಬಾರದು. ಒಂದು ಲೀಟರ್ ನೀರಿಗೆ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ ಬ್ಲೀಚಿಂಗ್ ಪುಡಿ ಬೆರೆಸಿದ ದ್ರಾವಣದಿಂದ ನೆಲ, ಬಾಗಿಲ ಹಿಡಿ, ಶೌಚಾಲಯಗಳನ್ನು ಶುಚಿಗೊಳಿಸಬಹುದು. ಈ ದ್ರಾವಣವನ್ನು ಪ್ರತಿದಿನ ಹೊಸದಾಗಿ ತಯಾರಿಸಬೇಕು. ಮೈಗೆ ಎಂದೂ ಹಚ್ಚಬಾರದು.

ದಂಪತಿಗಳಿಗೆ ಒಂದು ಮಾತು. ಗುಳ್ಳೆಗಳಿರುವವರೆಗೆ ಲೈಂಗಿಕ ಸಂಪರ್ಕ ಕೂಡದು. ನಿರೋಧ್ ಬಳಕೆ ಅಪಾಯವನ್ನು ಕಡಿಮೆ ಮಾಡಬಹುದಾದರೂ, ಅದು ಮುಚ್ಚದ ಚರ್ಮದಿಂದ ರೋಗ ಅಂಟಬಹುದು. ವಾಸಿಯಾದ ಮೇಲೆಯೂ 12 ವಾರಗಳ ಕಾಲ ನಿರೋಧ್ ಬಳಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಂಪರ್ಕಕ್ಕೆ ಬಂದವರು 21 ದಿನ ತಮ್ಮ ಮೈಯನ್ನೂ ಜ್ವರವನ್ನೂ ದಿನವೂ ನೋಡಿಕೊಳ್ಳಬೇಕು. ಆ ಅವಧಿಯಲ್ಲಿ ರಕ್ತದಾನ ಮಾಡಬಾರದು.

ಎಂಪಾಕ್ಸ್ ವಿರುದ್ಧ ಲಸಿಕೆಗಳು ಲಭ್ಯವಿವೆ. ಅವುಗಳಲ್ಲೊಂದಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆಯಿತು. ಆದರೆ ಅವು ಹೆಚ್ಚು ಅಪಾಯಕ್ಕೆ ಒಳಗಾಗುವವರಿಗಾಗಿ ಇರುವುವು, ಸಾರ್ವಜನಿಕರೆಲ್ಲರೂ ಹಾಕಿಸಿಕೊಳ್ಳಬೇಕಾಗಿಲ್ಲ. ಮಕ್ಕಳಿಗೆ ಕೊಡಿಸುವ ದಡಾರ ಮುಂತಾದ ಲಸಿಕೆಗಳನ್ನು ಮಾತ್ರ ತಪ್ಪಿಸಬೇಡಿ.

ನೆನಪಿಡಬೇಕಾದ ಅಂಶಗಳು

1. ಜ್ವರ, ಗಡ್ಡೆಗಳ ಊತ, ಗುಳ್ಳೆ: ಈ ಮೂರೂ ಸೇರಿದರೆ ವೈದ್ಯರನ್ನು ಕಾಣಿರಿ.

2. ಜ್ವರವಿಲ್ಲದೆ ಗುಪ್ತಭಾಗದಲ್ಲಿ ಹುಣ್ಣಾದರೂ ಪರೀಕ್ಷೆ ಮಾಡಿಸಿರಿ.

3. ಹಕ್ಕಳೆಗಳೆಲ್ಲ ಉದುರಿ ಹೊಸ ಚರ್ಮ ಬರುವವರೆಗೆ ಪ್ರತ್ಯೇಕವಾಗಿರಿ.

4. ಗರ್ಭಿಣಿಯರನ್ನೂ ಮಕ್ಕಳನ್ನೂ ರೋಗಿಯಿಂದ ದೂರವಿಡಿ.

5. ರೋಗಿಯನ್ನು ದೂಷಿಸಬೇಡಿ, ರೋಗವನ್ನು ಅಡಗಿಸಬೇಡಿ.

ಸಿಡುಬು ನಮ್ಮ ನಾಡನ್ನು ಬಿಟ್ಟುಹೋದದ್ದು ಲಸಿಕೆಯೊಂದರಿಂದಲೇ ಅಲ್ಲ. ಊರೂರು, ಮನೆಮನೆ ಅಲೆದು ರೋಗಿಗಳನ್ನು ಹುಡುಕಿದ ಕಾರ್ಯಕರ್ತರೂ, ಮುಚ್ಚಿಡದೆ ಅವರಿಗೆ ಬಾಗಿಲು ತೆರೆದ ಜನರೂ ಅದಕ್ಕೆ ಕಾರಣರು. ನಿಮ್ಮ ಮನೆಯ ಬಾಗಿಲಿಗೆ ಆಶಾ ಕಾರ್ಯಕರ್ತೆ ಬಂದು ವಿಚಾರಿಸಿದಾಗ ಇದ್ದುದನ್ನು ಇದ್ದಂತೆ ಹೇಳಿರಿ. ನಿಮ್ಮ ಮನೆಯವರ ರಕ್ಷಣೆಯೂ ನೆರೆಮನೆಯವರ ರಕ್ಷಣೆಯೂ ಅದರಲ್ಲಿ ಅಡಗಿದೆ.